ಮುಷ್ಟಿಯೊಳಗಿನ ಸೀಟಿ

ಅವಳಿಗೆ ಸಮವಸ್ತ್ರವಿರಲಿಲ್ಲ.

ಆ ಪೊಲೀಸ್ ತರಬೇತಿ ಶಾಲೆಯಲ್ಲಿ ಅಡುಗೆಯವರಿಗೂ ಗೇಟು ತೆಗೆಯುವವನಿಗೂ ಒಂದೊಂದು ಬಣ್ಣದ ಅಂಗಿ ಇತ್ತು. ಪಾಠ ಹೇಳಲು ಹೊರಗಿನಿಂದ ಬಂದ ಅವಳಿಗೆ ಮಾತ್ರ ಮನೆಯ ಬಟ್ಟೆಯೇ ಗತಿ. ಹಾಗಾಗಿ ಮೊದಲ ದಿನ ಬೆಳಗ್ಗೆ, ತನ್ನ ಕ್ಲಾಸು ಯಾವ ಕಟ್ಟಡದಲ್ಲೆಂದು ತಿಳಿಯದೆ ಮೈದಾನದ ಅಂಚಿನಲ್ಲಿ ಬ್ಯಾಗು ತಬ್ಬಿ ನಿಂತಿದ್ದವಳನ್ನು ಡ್ರಿಲ್ ಮಾಸ್ಟರ್ ತಡವಾಗಿ ಬಂದ ಹೊಸ ಪೇದೆಯೆಂದುಕೊಂಡ.

ಸೀಟಿ ಕಿವಿ ಸೀಳಿತು.

"ಏಯ್ ನೀಲಿ ಬಟ್ಟೆ! ಹೆಣ್ಣು ನೋಡೋಕೆ ಬರ್ತಾರೆ ಅಂತ ನಿಂತಿದ್ದೀಯಾ? ಬ್ಯಾಗ್ ಕೆಳಗಿಡು. ಒಂದು ರೌಂಡ್!"

"ಅಲ್ಲ, ನಾನು..."

"ಎರಡು ರೌಂಡ್!"

ಖಾಕಿ ಕಂಡರೆ ಅವಳಿಗೆ ಚಿಕ್ಕಂದಿನಿಂದಲೂ ಅಂಗಾಲು ತಣ್ಣಗಾಗುತ್ತಿತ್ತು. ಪೊಲೀಸರ ಕೆಲಸದ ಬಗ್ಗೆಯೇ ಆರು ವರ್ಷ ಸಂಶೋಧನೆ ಮಾಡಿದ್ದಳು, ಆದರೆ ಪುಸ್ತಕದಲ್ಲಿರುವ ಪೊಲೀಸ್ ಸೀಟಿ ಊದುವುದಿಲ್ಲವಲ್ಲ. ಓಡಿಬಿಟ್ಟಳು. ಎರಡನೆಯ ಸುತ್ತಿನ ತಿರುವಿನಲ್ಲಿ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಅದನ್ನು ಅಲ್ಲೇ ಬಿಟ್ಟು, ಒಂದು ಕಾಲು ಬರಿದು ಮಾಡಿಕೊಂಡು, ಅರವತ್ತು ಜನ ನೋಡುತ್ತಿರುವಾಗ ಸುತ್ತು ಮುಗಿಸಿದಳು.

ಅಷ್ಟರಲ್ಲಿ ಪ್ರಿನ್ಸಿಪಾಲರು ಆಫೀಸಿನ ಮೆಟ್ಟಿಲಿಳಿದು ಬಂದರು. "ಏನ್ ಮೇಡಂ, ಪಾಠಕ್ಕೆ ಮುಂಚೆ ವ್ಯಾಯಾಮಾನಾ?"

ಡ್ರಿಲ್ ಮಾಸ್ಟರನ ಮುಖ ಸುಣ್ಣ ಬಳಿದ ಗೋಡೆಯಾಯಿತು. ಮೈದಾನದ ತಿರುವಿಗೆ ತಾನೇ ಓಡಿ, ಕಿತ್ತ ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದ.

"ಸಾರಿ ಮೇಡಂ. ಮೊದಲೇ ಹೇಳಬಾರದಿತ್ತಾ?"

"ಹೇಳೋಕೆ ಬಾಯಿ ತೆಗೆದೆ. ಎರಡು ರೌಂಡ್ ಅಂದ್ರಿ."

ಅವನು ನಗಲಿಲ್ಲ. ಮೀಸೆಯ ಎಡತುದಿ ಮಾತ್ರ ಕೂದಲೆಳೆಯಷ್ಟು ಅಲುಗಿತು. ಅಷ್ಟನ್ನೂ ತಾನು ಗಮನಿಸಿದೆನಲ್ಲ ಎಂದು ಅವಳಿಗೆ ಆಮೇಲೆ ಗಾಬರಿಯಾಯಿತು. ಮರುದಿನ ಚಪ್ಪಲಿ ಅವಳ ಮೇಜಿನ ಕೆಳಗಿತ್ತು. ಬೂಟು ಹೊಲಿಯುವ ದಪ್ಪ ಕಪ್ಪು ದಾರದಲ್ಲಿ ಹೊಲಿದಿದ್ದ. ನೋಡಲು ಅಸಹ್ಯ. ಆದರೆ ಮತ್ತೆಂದೂ ಕೀಳಲಿಲ್ಲ.

ಅವಳ ಕೆಲಸ ಹನ್ನೆರಡು ವಾರದ್ದು, ವಾರಕ್ಕೊಂದು ವಿಷಯ. ಹೊಸ ಪೇದೆಗಳು ಠಾಣೆಗೆ ಹೋಗುವ ಮೊದಲೇ ಒಂದು ಚಟ ಹಚ್ಚಬೇಕಿತ್ತು. "ಮೊದಲಿಂದ ಹೀಗೇ ನಡೆದುಬಂದಿದೆ" ಎಂದು ಯಾರಾದರೂ ಹೇಳಿದರೆ, ಅದನ್ನು ಯಾರು ಪರೀಕ್ಷಿಸಿ ನೋಡಿದ್ದಾರೆ, ಹಾಗೆ ಮಾಡದ ಕಡೆಗೆ ಹೋಲಿಸಿ ಲೆಕ್ಕ ಇಟ್ಟಿದ್ದಾರಾ ಎಂದು ಕೇಳುವ ಚಟ. ಮೊದಲ ದಿನವೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಯಾರು ಏನೇ ಹೇಳಲಿ, "ಪುರಾವೆ?" ಎನ್ನುತ್ತಿದ್ದಳು. ಮೂರನೆಯ ದಿನಕ್ಕೆ ಪುರಾವೆ ಮೇಡಂ ಎಂಬ ಹೆಸರು ಅಂಟಿತು.

"ಮೇಡಂ, ನಿಮ್ಮಿಂದ ಮೆಸ್ಸಲ್ಲಿ ಕಷ್ಟ ಆಗಿದೆ," ಎಂದಳು ಕಡ್ಡಿ. ಮುಂದಿನ ಬೆಂಚಿನ ಸಣಕಲು ಹುಡುಗಿ, ಬಾಯಿ ಮಾತ್ರ ಮೈಗಿಂತ ಎರಡರಷ್ಟು. "ಅನ್ನ ಬೆಂದಿಲ್ಲ ಅಂದ್ರೆ ಅಡುಗೆಯವರು ‘ಪುರಾವೆ ತಗೊಂಡ್ಬಾ’ ಅಂತಾರೆ."

ಹೊರಗಿನವಳೊಬ್ಬಳ ಕೈಗೆ ಅರವತ್ತು ಜನರನ್ನು ಕೊಟ್ಟು ಸುಮ್ಮನಿರುವುದು ಇಲಾಖೆಯ ಜಾಯಮಾನವಲ್ಲ. ಶಿಸ್ತಿಗೆಂದು ಡ್ರಿಲ್ ಮಾಸ್ಟರನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದ್ದರು. ಹುಡುಗರು ಅವನನ್ನು ಬೆನ್ನ ಹಿಂದೆ ಪೀಪಿ ಎನ್ನುತ್ತಿದ್ದರು. ಕೊರಳಲ್ಲಿ ಸದಾ ಹಿತ್ತಾಳೆಯ ಸೀಟಿ, ಎದೆಯ ಮೇಲೆ ಕಟ್ಟಿದ ಕೈ, ಮುಖದಲ್ಲಿ ಔಷಧಿ ಕುಡಿದವನ ಕಳೆ.

"ಹದಿನಾಲ್ಕು ವರ್ಷ ಸರ್ವಿಸ್ ಮೇಡಂ," ಎಂದ ಒಂದು ದಿನ. "ಕಳ್ಳನ್ನ ಕಣ್ಣು ನೋಡಿ ಹೇಳ್ತೀನಿ. ಅದಕ್ಕೆಲ್ಲ ನಿಮ್ಮ ಸಂಶೋಧನೆ ಬೇಕಾಗಲ್ಲ."

"ಎಷ್ಟು ಸಲ ಸರಿಯಾಗಿದೆ ಮಾಸ್ಟ್ರೇ?"

"ಯಾವಾಗ್ಲೂ."

"ತಪ್ಪಾಗಿದ್ದನ್ನ ಎಲ್ಲಾದರೂ ಬರೆದಿಟ್ಟಿದ್ದೀರಾ?"

"ತಪ್ಪಾದ್ರೆ ತಾನೆ ಬರೆಯೋದು?"

ಕ್ಲಾಸು ಹೋ ಎಂದಿತು. ಅವಳೂ ನಕ್ಕಳು. "ಅದಕ್ಕೇ ಕೇಳಿದ್ದು," ಎಂದಳು.

ನಗು ಅಡಗಿದ ಮೇಲೂ ಅವನು ಅವಳನ್ನೇ ನೋಡುತ್ತಿದ್ದ. ಸೋತವನ ನೋಟವಾಗಿರಲಿಲ್ಲ ಅದು. ಇನ್ನೊಂದು ಸುತ್ತು ಆಡೋಣವೇ ಎನ್ನುವವನದು.

ಮೂರನೆಯ ವಾರ, ಕ್ಲಾಸು ಖಾಲಿಯಾದ ಮೇಲೆ ಮೇಜಿನ ಬಳಿ ಬಂದು ನಿಂತ. "ಆ ಗಸ್ತಿನ ಬಗ್ಗೆ ಕೊಟ್ರಲ್ಲ, ಆ ಹಾಳೆ. ನನಗೂ ಒಂದು ಇರಲಿ."

"ಸಂಶೋಧನೆ ಬೇಡ ಅಂದಿದ್ರಿ?"

"ಸುಳ್ಳು ಎಲ್ಲಿದೆ ಅಂತ ಹುಡುಕೋಕೆ ಬೇಕು."

ಹಾಗೆ ಶುರುವಾಯಿತು. ಸಂಜೆಯ ಪರೇಡಿಗೆ ಮುಂಚೆ ಮುಕ್ಕಾಲು ಗಂಟೆ ಬಿಡುವಿರುತ್ತಿತ್ತು. ಬಂದೂಕಿನ ಕೋಣೆಯ ಮೆಟ್ಟಿಲ ಮೇಲೆ ಇಬ್ಬರೂ ಕೂರುತ್ತಿದ್ದರು, ನಡುವೆ ಎರಡು ಲೋಟ ಚಹಾ. ಅವನು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದ. ಅರ್ಥವಾಗದ ಕಡೆ ಬೆರಳು ನಿಲ್ಲುತ್ತಿತ್ತು, ಬಾಯಿ ಕೇಳುತ್ತಿರಲಿಲ್ಲ. ಅವಳು ಆ ಬೆರಳನ್ನು ನೋಡಿ ತಾನಾಗಿಯೇ ವಿವರಿಸುತ್ತಿದ್ದಳು. ದಿನವಿಡೀ ಬೀದಿ ಸುತ್ತುವ ಬದಲು ಹೆಚ್ಚು ಗಲಾಟೆಯ ಮೂಲೆಗಳಲ್ಲಿ ಸ್ವಲ್ಪ ಹೊತ್ತು ನಿಂತು ಬಂದರೆ ಫಲ ಹೆಚ್ಚು ಎಂಬುದನ್ನು ಓದಿ, "ಥೂ, ಹದಿನಾಲ್ಕು ವರ್ಷ ಸುಮ್ಮನೆ ಬೂಟು ಸವೆಸಿದೆ," ಎಂದ. ಆಗ ನಕ್ಕ. ಮೊದಲ ಬಾರಿಗೆ, ಹಲ್ಲು ಕಾಣುವಂತೆ.

ಅವನ ಒಂದು ಅಭ್ಯಾಸ ಅವಳಿಗೆ ಬಾಯಿಪಾಠವಾಗಿತ್ತು. ಮನಸ್ಸು ಕಾಯುತ್ತಿರುವುದು ಹತ್ತಿರ ಬಂದಾಗ ಅವನ ಬಲಗೈ ತಾನಾಗಿ ಎದೆಗೇರಿ ಸೀಟಿಯನ್ನು ಮುಷ್ಟಿಯೊಳಗೆ ಹಿಡಿಯುತ್ತಿತ್ತು. ಹೊಸಬರ ಸಾಲು ಸರಿಯಾಗಿ ತಿರುಗುವ ಗಳಿಗೆಯಲ್ಲಿ ಹಿಡಿಯುತ್ತಿದ್ದ. ಬೆಳಗ್ಗೆ ಅವಳು ಗೇಟು ದಾಟಿ ಮೈದಾನದ ಅಂಚಿಗೆ ಬರುವಾಗಲೂ ಹಿಡಿಯುತ್ತಿದ್ದ. ಮುಖ ಕಲ್ಲಿನ ಹಾಗೆ, ಕಣ್ಣು ಸಾಲಿನ ಮೇಲೆ. ಕೈ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಅವನಿಗೇ ಅದು ಗೊತ್ತಿರಲಿಲ್ಲ. ಅವಳು ಹೇಳಲಿಲ್ಲ. ಹೇಳಿದರೆ ನಿಲ್ಲಿಸಿಬಿಟ್ಟಾನು ಎಂಬ ಹೆದರಿಕೆ.

ಮನೆಯಲ್ಲಿ ಅತ್ತಿಗೆಯ ಕಣ್ಣು ಚುರುಕು. "ಏನೇ, ಆ ಕಪ್ಪು ದಾರದ ಚಪ್ಪಲಿ ಎಸೆಯೋ ಯೋಚನೆ ಇಲ್ವಾ? ಹೊಸದು ತರೋಕೆ ನಿಮ್ಮಣ್ಣನಿಗೆ ಹೇಳ್ತೀನಿ."

"ಚೆನ್ನಾಗೇ ಇದೆ ಅತ್ತಿಗೆ."

"ಚೆನ್ನಾಗಿರೋದು ಚಪ್ಪಲಿನಾ, ಹೊಲಿದೋನಾ?"

ಅವಳು ಮಾತು ತಿರುಗಿಸಿದಳು. ಅತ್ತಿಗೆ ತಿರುಗಿಸಲು ಬಿಟ್ಟಳು, ಅಷ್ಟೇ.

ಏಳನೆಯ ವಾರದ ಪಾಠ, ಗುರುತಿನ ಪರೇಡ್. ಅನುಮಾನದ ಮೇಲೆ ಹಿಡಿದವನನ್ನು ಬೇರೆ ಏಳು ಜನರ ಜೊತೆ ಸಾಲಾಗಿ ನಿಲ್ಲಿಸಿ, ಕಣ್ಣಾರೆ ಕಂಡ ಸಾಕ್ಷಿಯನ್ನು ಕರೆದು, ಇವರಲ್ಲಿ ಯಾರು ಎಂದು ಕೇಳುವ ಕ್ರಮ. ಅದನ್ನು ನಡೆಸುವ ಪೊಲೀಸನಿಗೆ ಅನುಮಾನ ಯಾರ ಮೇಲಿದೆ ಎಂಬುದು ತಿಳಿದಿರಬಾರದು ಎನ್ನುತ್ತವೆ ಅಧ್ಯಯನಗಳು. ತಿಳಿದಿದ್ದರೆ, ಬಾಯಿ ಮುಚ್ಚಿದ್ದರೂ ಮೈ ಹೇಳಿಬಿಡುತ್ತದೆ.

"ಬರೀ ಓದಿದ್ರೆ ನೀವು ನಂಬಲ್ಲ. ಮಾಡೇ ನೋಡೋಣ," ಎಂದಳು. ಆರು ಜನರಿಗೆ ಒಂದು ಮಸುಕು ವಿಡಿಯೋ ತೋರಿಸಿ ಹೊರಗೆ ಕಳಿಸಿದಳು. ಅಂಗಡಿಯಿಂದ ಓಡುವ ಕಳ್ಳ, ಮುಖ ಒಂದು ಕ್ಷಣ. ಎಂಟು ಜನರನ್ನು ಗೋಡೆಗೆ ನಿಲ್ಲಿಸಿದಳು. ಅವರಲ್ಲಿ ಯಾರೂ ಆ ಕಳ್ಳನಲ್ಲ. "ಮಾಸ್ಟ್ರೇ, ಪರೇಡ್ ನೀವು ನಡೆಸಿ. ‘ನಿಧಾನವಾಗಿ ನೋಡಿ’ ಅನ್ನೋದು ಬಿಟ್ಟು ಬೇರೆ ಮಾತಿಲ್ಲ." ಹತ್ತಿರ ಹೋಗಿ ಕಿವಿಯ ಬಳಿ ಹೇಳಿದಳು, "ಐದು."

ಅವಳ ಉಸಿರು ತಾಗಿ ಅವನ ಕಿವಿಯ ತುದಿ ಕೆಂಪಾಯಿತು. ಮುಂದಿನ ಬೆಂಚು ಕೆಮ್ಮಿತು.

ಆರು ಸಾಕ್ಷಿಗಳು ಒಬ್ಬೊಬ್ಬರಾಗಿ ಒಳಗೆ ಬಂದರು. ಅವನು ಕಂಬದಂತೆ ನಿಂತಿದ್ದ. "ನಿಧಾನವಾಗಿ ನೋಡಿ." ಅಷ್ಟೇ. ಆರರಲ್ಲಿ ಐದು ಜನ ಐದನೆಯವನನ್ನೇ ತೋರಿಸಿದರು.

"ಕಡ್ಡಿ, ಐದನೆಯವನೇ ಯಾಕೆ?"

"ಗೊತ್ತಿಲ್ಲ ಮೇಡಂ. ಮೂರನೆಯವನೇನೋ ಅಂತಿತ್ತು. ಐದನೆಯವನ ಮುಂದೆ ನಿಂತಾಗ ಹಾಂ ಇವನೇ ಅನ್ನಿಸಿಬಿಡ್ತು."

"ಮಾಸ್ಟ್ರು ಏನಾದ್ರೂ ಹೇಳಿದ್ರಾ?"

"ಇಲ್ಲವೇ ಇಲ್ಲ."

"ಕೂತಿದ್ದವರು ಏನು ನೋಡಿದ್ರಿ?"

"ಸೀಟಿ ಮೇಡಂ!" ಕಿಟಕಿಯ ಬಳಿಯಿಂದ ಒಬ್ಬ ಎದ್ದು ನಿಂತ. "ಪ್ರತಿ ಸಲ. ಐದನೆಯವನ ಹತ್ರ ಬಂದ ತಕ್ಷಣ ಮಾಸ್ಟ್ರು ಸೀಟಿ ಹಿಡ್ಕೊಂಡ್ರು!"

ಕ್ಲಾಸು ಬಿದ್ದುಬಿದ್ದು ನಕ್ಕಿತು. ಅವಳಿಗದು ಅವರಿಗಿಂತ ಮೊದಲೇ ಕಂಡಿತ್ತು. ಆ ಮುಷ್ಟಿ ಅವಳಿಗೆ ಗೊತ್ತಿರುವಷ್ಟು ಯಾರಿಗೆ ಗೊತ್ತು? ನಗುತ್ತಲೇ ಅವನ ಕಡೆ ತಿರುಗಿದಳು. ನಗು ಅರ್ಧಕ್ಕೇ ನಿಂತಿತು.

ಅವನು ತನ್ನ ಬಲಗೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡುತ್ತಿದ್ದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಸೀಟಿ ಜಾರಿ ಎದೆಯ ಗುಂಡಿಗೆ ಬಡಿದು ಠಣ್ ಎಂದಿತು. ಯಾರನ್ನೂ ಕೇಳದೆ ಬಾಗಿಲು ದಾಟಿ ಹೋದ.

ನಾಲ್ಕು ದಿನ ಅವನು ಕ್ಲಾಸಿಗೆ ಬರಲಿಲ್ಲ. ಅವನ ಬೆಂಚಿನಲ್ಲಿ ಮುದಿ ಗುಮಾಸ್ತರೊಬ್ಬರು ಕೂತು ತೂಕಡಿಸುತ್ತಿದ್ದರು. ಎಲ್ಲರ ಮುಂದೆ ಅವಮಾನ ಮಾಡಿಬಿಟ್ಟೆನೇ ಎಂದು ಅವಳು ಪಾಠದ ನಡುವೆಯೂ ಆ ಬೆಂಚಿನ ಕಡೆ ನೋಡುತ್ತಿದ್ದಳು. ಮೈದಾನದಿಂದ ಅವನ ಕೂಗು ಮಾತ್ರ ಕೇಳುತ್ತಿತ್ತು. ಸೀಟಿಯ ಸದ್ದಿರಲಿಲ್ಲ. ಕೊರಳು ಬರಿದಾಗಿತ್ತು.

ಐದನೆಯ ದಿನ ಮೆಟ್ಟಿಲ ಬಳಿಗೆ ತಾನೇ ಹೋದಳು.

"ತಮಾಷೆಗೆ ಮಾಡಲಿಲ್ಲ ಮಾಸ್ಟ್ರೇ. ಯಾರು ನಿಂತಿದ್ರೂ ಹಾಗೇ ಆಗ್ತಿತ್ತು. ನಾನು ನಿಂತಿದ್ರೂ."

"ಕೂತ್ಕೊಳ್ಳಿ ಮೇಡಂ."

ಕೂತಳು. ಚಹಾ ಇರಲಿಲ್ಲ.

"ಎಂಟು ವರ್ಷದ ಹಿಂದೆ ನಾನು ಠಾಣೆಯಲ್ಲಿದ್ದೆ," ಎಂದ. "ಒಂದು ಔಷಧಿ ಅಂಗಡಿ. ಮಧ್ಯಾಹ್ನ ಯಾರೋ ನುಗ್ಗಿ ಅಂಗಡಿಯಮ್ಮನ ತಲೆಗೆ ಸಲಾಕೆಯಿಂದ ಹೊಡೆದ. ಬದುಕಿದರು, ಒಂದು ಕಣ್ಣು ಹೋಯ್ತು. ಸಾಹೇಬರು ಒಬ್ಬನನ್ನ ಹಿಡಿದು ತಂದ್ರು. ಪರೇಡ್ ನಡೆಸು, ನಾಲ್ಕನೆಯವನು ಅವನೇ, ಬರೀ ಫಾರ್ಮಾಲಿಟಿ ಅಂದ್ರು."

ಅವಳ ಅಂಗಾಲು ತಣ್ಣಗಾಗತೊಡಗಿತು.

"ಆ ಅಮ್ಮ ಎರಡನೆಯವನ ಮುಂದೆ ತುಂಬಾ ಹೊತ್ತು ನಿಂತರು. ಆಮೇಲೆ ನಾಲ್ಕನೆಯವನ ಹತ್ರ ಬಂದು ನನ್ನ ಕಡೆ ನೋಡಿದರು. ಅವನನ್ನ ತೋರಿಸಿದರು. ಅವನು ‘ನಾನಲ್ಲ ಅಮ್ಮಾ, ಸರಿಯಾಗಿ ನೋಡಿ’ ಅಂತ ಕೂಗಿದ. ಕೋರ್ಟಲ್ಲಿ ಪ್ರಮಾಣ ಮಾಡಿ ಹೇಳಿದೆ, ನಾನು ಯಾವ ಸೂಚನೆಯನ್ನೂ ಕೊಡಲಿಲ್ಲ ಅಂತ. ಸುಳ್ಳು ಹೇಳ್ತಿದ್ದೀನಿ ಅಂತ ಅನ್ನಿಸಲೇ ಇಲ್ಲ ಮೇಡಂ. ಬಾಯಿ ಬಿಟ್ಟಿರಲಿಲ್ಲವಲ್ಲ. ಎಂಟು ವರ್ಷ ನೆಮ್ಮದಿಯಾಗಿ ಮಲಗಿದೆ."

"ಬೇರೆ ಪುರಾವೆ?" ಚಟ, ಬಾಯಿಂದ ಬಂದುಬಿಟ್ಟಿತು.

"ಇರಲಿಲ್ಲ. ಅದೊಂದೇ. ಹದಿನಾಲ್ಕು ವರ್ಷ ಶಿಕ್ಷೆ. ಒಳಗೇ ಇದ್ದಾನೆ."

ಮನೆಗೆ ಬಂದವಳು ಚಪ್ಪಲಿ ಬಿಡದೆ ಕಪಾಟು ತೆಗೆದಳು. ಸಂಶೋಧನೆಗೆಂದು ಇಲಾಖೆಯಿಂದ ಪಡೆದ ಹಳೆಯ ಗುರುತಿನ ಪರೇಡಿನ ವರದಿಗಳು ಅಲ್ಲಿದ್ದವು, ನಲವತ್ತಾರು. ಅದರಲ್ಲಿರುವ ಯಾರ ಹೆಸರನ್ನೂ ಎಲ್ಲೂ ಬಾಯಿಬಿಡುವುದಿಲ್ಲವೆಂದು ಬರೆದುಕೊಟ್ಟು ತಂದಿದ್ದಳು. ಮೂವತ್ತೊಂದನೆಯದು ಸಿಕ್ಕಿತು. ‘ಸಾಕ್ಷಿಯು ಎರಡನೆಯ ವ್ಯಕ್ತಿಯ ಮುಂದೆ ಸುಮಾರು ಒಂದು ನಿಮಿಷ ನಿಂತು, ನಂತರ ನಾಲ್ಕನೆಯ ವ್ಯಕ್ತಿಯನ್ನು ಗುರುತಿಸಿದರು.’ ಪಕ್ಕದಲ್ಲಿ ಅವಳದೇ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ. ಎರಡು ವರ್ಷದ ಹಿಂದೆ ಹಾಕಿದ್ದಳು. ಹಾಕಿ, ಪುಟ ತಿರುಗಿಸಿ, ಊಟಕ್ಕೆ ಹೋಗಿದ್ದಳು.

ಕೆಳಗೆ ಅವನ ಸಹಿ. ನೆಟ್ಟಗೆ, ದುಂಡಗೆ, ಹೆದರಿಕೆಯಿಲ್ಲದ ಸಹಿ.

ಅಡುಗೆಮನೆಯಿಂದ ಅತ್ತಿಗೆ ಕೂಗಿದಳು, "ಮುಖ ಯಾಕೆ ಹಾಗಿದೆ? ದೆವ್ವ ನೋಡಿದೋಳ ಥರ."

"ತಲೆನೋವು."

ಸುಳ್ಳಲ್ಲ. ಆದರೆ ಅವಳು ಹೆದರಿದ್ದು ಜೈಲಿನಲ್ಲಿರುವವನಿಗಾಗಿ ಆಗಿರಲಿಲ್ಲ, ಅದನ್ನು ಅವಳು ಆಮೇಲೂ ತನ್ನಿಂದ ಮುಚ್ಚಿಡಲಿಲ್ಲ. ಬೆರಳಿಟ್ಟು ಓದುವವನ ಕೆಲಸ ಹೋಗುತ್ತದೆ, ಕೋರ್ಟಿನಲ್ಲಿ ಸುಳ್ಳು ಹೇಳಿದ್ದಕ್ಕೆ ಅವನೇ ಕಂಬಿ ಎಣಿಸಬಹುದು, ಜೊತೆಯವರು ಸುಮ್ಮನೆ ಬಿಡುವುದಿಲ್ಲ. ಪೊಲೀಸರು ಪೊಲೀಸನನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬ ಬಗ್ಗೆಯೂ ಅಧ್ಯಯನಗಳಿವೆ. ಎಲ್ಲವನ್ನೂ ಓದಿದ್ದಳು.

ಮರುದಿನ ಅವನಿಗೆ ಹೇಳಿದಳು. ಹೇಳುವಾಗ ದನಿ ತನ್ನದೇ ಎನಿಸಲಿಲ್ಲ.

"ಯಾರಿಗೂ ಗೊತ್ತಿಲ್ಲ ಮಾಸ್ಟ್ರೇ. ನಾನು ಹೇಳೋ ಹಾಗಿಲ್ಲ, ಬರೆದುಕೊಟ್ಟಿದ್ದೀನಿ. ನೀವು ಸುಮ್ಮನಿದ್ದುಬಿಟ್ಟರೆ..."

ಅವನು ನಿಧಾನವಾಗಿ ತಿರುಗಿದ. "ಪುರಾವೆ ಮೇಡಂ ಹೀಗಂತಾರಾ?"

"ಒಂದು ವೇಳೆ ಅವನೇ ಹೊಡೆದಿರಬಹುದಲ್ಲ?"

"ಇರಬಹುದು. ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋದೇ ಅಲ್ವಾ ವಿಷಯ? ನೀವೇ ಹೇಳಿಕೊಟ್ಟಿದ್ದು."

"ಹೇಳಿಕೊಡೋದು ಬೇರೆ! ಅರವತ್ತು ಜನಕ್ಕೆ ಹೇಳಿಕೊಡ್ತೀನಿ. ನನಗೆ ಬೇಕಾಗಿರೋದು ಒಬ್ಬರು."

ಆಡಿದ ಮಾತನ್ನು ನುಂಗಲಾಗದೆ ಮೆಟ್ಟಿಲ ಕಲ್ಲನ್ನು ನೋಡಿದಳು. ಮೈದಾನದಲ್ಲಿ ಯಾರೋ ಎಡ-ಬಲ ಎಣಿಸುತ್ತಿದ್ದರು. ಕಣ್ಣಂಚಿನಲ್ಲಿ ಕಂಡಿತು: ಅವನ ಬಲಗೈ ತಾನಾಗಿ ಎದೆಗೇರಿತು, ಅಲ್ಲಿ ಸೀಟಿಯಿಲ್ಲದೆ ತಡವರಿಸಿತು, ಅಂಗಿಯನ್ನೇ ಮುಷ್ಟಿಯಲ್ಲಿ ಹಿಡಿಯಿತು.

"ಇದಕ್ಕೆ ಉತ್ತರ ಇದೆ ನನ್ನ ಹತ್ರ," ಎಂದ. "ಈಗ ಹೇಳಲ್ಲ. ಈಗ ಹೇಳಿದ್ರೆ, ನಿಮ್ಮೆದುರು ನಿಂತಾಗೆಲ್ಲ ಆ ಜೈಲಲ್ಲಿರೋನು ನಡುವೆ ನಿಂತಿರ್ತಾನೆ. ಮೊದಲು ಅದನ್ನ ಮುಗಿಸಿ ಬರ್ತೀನಿ."

"ಮುಗಿಸಿ ಬರೋಕೆ ಬಿಡ್ತಾರಾ?"

"ಗೊತ್ತಿಲ್ಲ. ನನಗೂ ಭಯ ಇದೆ ಮೇಡಂ. ಇಲ್ಲ ಅನ್ಕೋಬೇಡಿ," ಎಂದ.

ಜೈಲಿನಲ್ಲಿದ್ದವನ ವಕೀಲೆಯ ಬಳಿ ಹೋಗಿ, ನಡೆದದ್ದನ್ನು ನಡೆದ ಹಾಗೆ ಬರೆಸಿ ಸಹಿ ಹಾಕಿದ. ಮೂರನೆಯ ದಿನ ಅಮಾನತಿನ ಪತ್ರ ಬಂತು. ಅದರ ಬೆನ್ನಿಗೇ ಪ್ರಿನ್ಸಿಪಾಲರು ಅವಳನ್ನು ಕರೆಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ.

"ನಿಮ್ಮ ಪಾಠ ಚೆನ್ನಾಗಿತ್ತು ಮೇಡಂ. ಸದ್ಯಕ್ಕೆ ವಿರಾಮ ಕೊಡೋಣ."

"ಇನ್ನೂ ಐದು ವಾರ ಇದೆ ಸಾರ್."

"ಏಳು ವಾರಕ್ಕೇ ಇಷ್ಟಾಯ್ತಲ್ಲ."

ಪುಸ್ತಕದ ಡಬ್ಬಿ ಹೊತ್ತು ಗೇಟಿಗೆ ಬಂದಾಗ ಕಡ್ಡಿ ಕಾವಲಿಗಿದ್ದಳು. ಮೇಡಂ ಜೊತೆ ಮಾತಾಡಕೂಡದೆಂದು ಎಲ್ಲರಿಗೂ ಆಜ್ಞೆಯಾಗಿತ್ತು. ಕಡ್ಡಿ ಆಚೀಚೆ ನೋಡಿ, ಹಿಮ್ಮಡಿ ಜೋಡಿಸಿ, ಠಪ್ಪನೆ ಸಲ್ಯೂಟ್ ಹೊಡೆದಳು.

"ಸಮವಸ್ತ್ರ ಇಲ್ಲದವರಿಗೆ ಹೊಡೆಯಬಾರದಂತೆ ಕಣೇ," ಎಂದಳು ಅವಳು, ಮೆಲ್ಲಗೆ.

"ಹಾಗಂತ ಪುರಾವೆ ಇದೆಯಾ ಮೇಡಂ?"

ರಸ್ತೆ ದಾಟುವ ತನಕ ಅವಳು ಕಣ್ಣೀರು ತಡೆದಳು.

ಆಮೇಲಿನ ದಿನಗಳಲ್ಲಿ ಫೋನು ಬರುತ್ತಿತ್ತು; ಎತ್ತಿದರೆ ಆ ಕಡೆ ಬರೀ ಉಸಿರಾಟ. ಮನೆಯೆದುರಿನ ರಸ್ತೆಯಲ್ಲಿ ಬೂದು ಬಣ್ಣದ ಕಾರೊಂದು ಸತತ ಮೂರು ಮಧ್ಯಾಹ್ನ ಬಂದು ನಿಂತಿತು. ಇಂಜಿನ್ ಆರಿಸುತ್ತಿರಲಿಲ್ಲ, ಯಾರೂ ಇಳಿಯುತ್ತಿರಲಿಲ್ಲ. ಮೂರನೆಯ ದಿನ ಒಳಗಿದ್ದವನು ಗಾಜು ಇಳಿಸಿ, ಅತ್ತಿಗೆಯ ಮಗಳು ಸ್ಕೂಲಿಂದ ಬರುವುದನ್ನು ನೋಡಿ, ಗಾಜು ಏರಿಸಿಕೊಂಡು ಹೋದ.

"ನಿನ್ನ ಪಾಠ ಶಾಲೆಯಲ್ಲೇ ಇರಲಿ. ಮನೆಗೆ ತರಬೇಡ," ಎಂದ ಅಣ್ಣ. ಚಿಲಕ ಹಾಕಿದ್ದ ಬಾಗಿಲನ್ನು ಮತ್ತೊಮ್ಮೆ ಎಳೆದು ನೋಡಿದ.

ಅತ್ತಿಗೆ ಪರದೆ ಎಳೆದಳು. "ಬೈಬೇಡಿ. ಅವಳಿಗೂ ಹೆದರಿಕೆಯಾಗಿದೆ, ಕಾಣಿಸ್ತಿಲ್ವಾ?" ಆಮೇಲೆ ಅವಳ ಪಕ್ಕ ಬಂದು ಕೂತು ಕೇಳಿದಳು, "ಅವನಿಗೆ ಊಟ ಗೀಟ ಹೇಗೆ?"

ಅವನು ಮತ್ತು ಅವನಪ್ಪ ಎರಡು ಕೋಣೆಯ ಪೊಲೀಸ್ ಕ್ವಾರ್ಟರ್ಸ್ ಬಿಟ್ಟು, ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆಗೆ ಬಂದಿದ್ದರು. ಅಪ್ಪ ನಿವೃತ್ತ ಪೇದೆ. ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ದಿನಾ ಬೆಲ್ಟಿನ ಹಿತ್ತಾಳೆ ಉಜ್ಜುವ ಮನುಷ್ಯ. ಎರಡು ವಾರ ಮಗನೊಡನೆ ಮಾತು ಬಿಟ್ಟಿದ್ದರು. ಅತ್ತಿಗೆ ಕಟ್ಟಿಕೊಟ್ಟ ಡಬ್ಬಿ ಹಿಡಿದು ಅವಳು ಹೋದ ದಿನ ಬಾಯಿಬಿಟ್ಟರು. ಉಜ್ಜುತ್ತಲೇ, ಯಾರ ಮುಖವನ್ನೂ ನೋಡದೆ.

"ನಮ್ಮ ಕಾಲದಲ್ಲಿ ಎಲ್ಲರೂ ಹಾಗೇ ಮಾಡ್ತಿದ್ವಿ. ಸಾಹೇಬರು ನಂಬರ್ ಹೇಳೋರು, ನಾವು ನಿಲ್ತಿದ್ವಿ." ಬಟ್ಟೆ ನಿಂತಿತು. "ಎಷ್ಟು ಜನಾನೋ."

ಕೆಳಗೆ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು. ಅವನು ಮೆಟ್ಟಿಲವರೆಗೆ ಅವಳನ್ನು ಬಿಡಲು ಬಂದ. ಮೀಸೆ ಟ್ರಿಮ್ ಮಾಡಿರಲಿಲ್ಲ, ಕೂದಲು ಕಿವಿ ಮುಟ್ಟಿತ್ತು.

"ಇಲ್ಲಿಗೆ ಬರಬೇಡಿ. ನೋಡ್ತಿರ್ತಾರೆ."

"ನೋಡಲಿ. ನಾನು ಡಬ್ಬಿ ವಾಪಸ್ ತಗೊಂಡು ಹೋಗೋಕೆ ಬರಬೇಕಲ್ಲ."

"ನಾನೇ ತಂದುಕೊಡ್ತೀನಿ."

"ಆಗಲೂ ನೋಡ್ತಾರೆ."

ಮೀಸೆಯ ಎಡತುದಿ ಅಲುಗಿತು. ಎಷ್ಟು ದಿನವಾಗಿತ್ತು.

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಅವನನ್ನು ಎರಡು ದಿನ ಅರೆದರು. ಅಂದು ಸುಳ್ಳು ಹೇಳಿದವನು ಇಂದು ನಿಜ ಹೇಳುತ್ತಾನೆಂದು ಹೇಗೆ ನಂಬುವುದು ಎಂದರು. "ನಂಬಬೇಡಿ ಸಾರ್, ಪ್ರಮಾಣಿಸಿ ನೋಡಿ," ಎಂದ. ಅಂಗಡಿಯಮ್ಮನನ್ನು ಮತ್ತೆ ಕರೆಸಿದರು. ಇರುವ ಒಂದು ಕಣ್ಣಿನಲ್ಲಿ ಅವನನ್ನು ದಿಟ್ಟಿಸಿ, "ಪೊಲೀಸಪ್ಪ ನಿಂತ ರೀತಿ ನೋಡಿ ಇವನೇ ಇರಬೇಕು ಅಂದ್ಕೊಂಡೆ," ಎಂದರು. ಆಮೇಲೆ ಅತ್ತರು. ಹೊಡೆದವನು ಯಾರು ಎಂಬುದು ಈಗ ಯಾರಿಗೂ ಗೊತ್ತಿರಲಿಲ್ಲ.

ನಾಲ್ಕು ತಿಂಗಳಿಗೆ ತೀರ್ಪು ಬಂತು, ಜೈಲಿನಲ್ಲಿದ್ದವನಿಗೆ ಬಿಡುಗಡೆ. ಆ ಮನುಷ್ಯ ಹೊರಬರುವ ಬೆಳಗ್ಗೆ ಇಬ್ಬರೂ ಜೈಲಿನ ಎದುರಿನ ಗೋಡೆಗೆ ಒರಗಿ ನಿಂತಿದ್ದರು. ಹೋಗಬೇಡಿ ಎಂದು ಅವಳು ಹಿಂದಿನ ದಿನವೆಲ್ಲ ಹೇಳಿದ್ದಳು. ಹೊಡೆದರೆ? ಎಂದಿದ್ದಳು. ಹೊಡೆದರೆ ಹೊಡೆಸಿಕೊಳ್ಳುವುದು ಎಂದಿದ್ದ.

ಸಣ್ಣ ಬಾಗಿಲು ತೆರೆಯಿತು. ಕೈಚೀಲ ಹಿಡಿದ ಸಣ್ಣ ಮನುಷ್ಯ, ಮುಂದಲೆಯೆಲ್ಲ ಬಿಳಿ. ಕಾದಿದ್ದ ಅಕ್ಕನ ಹೆಗಲು ಹಿಡಿದು ನಡೆಯುತ್ತಿದ್ದ. ಗೋಡೆಯ ಉದ್ದಕ್ಕೂ ನಿಂತಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದ. ಡ್ರಿಲ್ ಮಾಸ್ಟರನ ಮುಖವನ್ನೂ ನೋಡಿದ. ಮುಂದಿನ ಮುಖಕ್ಕೆ ಹೋದ.

ಗುರುತು ಸಿಗಲಿಲ್ಲ.

ಹಾಗೇ ಬಿಟ್ಟುಬಿಡಿ, ಎಂದಿತು ಅವಳ ಮನಸ್ಸು. ಅವನು ಒಂದು ಹೆಜ್ಜೆ ಮುಂದಿಟ್ಟ.

"ಅವತ್ತು ಪರೇಡ್ ನಡೆಸಿದ್ದು ನಾನು."

ಆ ಮನುಷ್ಯ ನಿಂತ. ಅಕ್ಕ ಅವನ ತೋಳು ಬಿಗಿಯಾಗಿ ಹಿಡಿದಳು.

"ಮುಖ ಮರೆತುಹೋಗಿದೆ," ಎಂದ ಆತ. ಸಿಟ್ಟಿನಿಂದಲ್ಲ, ದಣಿವಿನಿಂದ. "ಕೈಯಲ್ಲಿ ಏನೋ ಹಿಡ್ಕೊಂಡಿದ್ರಿ. ಹಳದಿ. ಹೊಳೀತಿತ್ತು. ಅದು ಮರೆತಿಲ್ಲ."

ಅಷ್ಟು ಹೇಳಿ, ಅಕ್ಕನ ಹೆಗಲು ಹಿಡಿದು, ಬಸ್ಸಿನ ಕಡೆ ನಡೆದ. ತಿರುಗಿ ನೋಡಲಿಲ್ಲ.

ಬಸ್ಸು ಹೋದ ಮೇಲೂ ಇವರು ನಿಂತೇ ಇದ್ದರು.

"ಉತ್ತರ ಕೊಡ್ತೀನಿ ಅಂದಿದ್ರಿ," ಎಂದಳು ಕೊನೆಗೆ.

"ಕೆಲಸ ಇಲ್ಲ. ಸುಳ್ಳು ಸಾಕ್ಷಿಯ ಕೇಸು ಹಾಕ್ತಾರಂತೆ. ನಾನೇ ಒಳಗೆ ಹೋಗಬಹುದು."

"ನಾನು ಅದನ್ನ ಕೇಳಲಿಲ್ಲ."

"ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ. ಇದಕ್ಕೂ ಪುರಾವೆ ಬೇಕಾ?"

ಅವಳು ಅವನ ಬಲಗೈ ನೋಡಿದಳು. ಎದೆಯ ಮೇಲಿತ್ತು, ಮುಷ್ಟಿ ಬಿಗಿದಿತ್ತು, ಒಳಗೆ ಏನೂ ಇರಲಿಲ್ಲ. ಅದನ್ನು ಹಿಡಿದು ಕೆಳಗಿಳಿಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಲ್ಲಿ ತನ್ನ ಕೈಯಿಟ್ಟಳು. ಅವನ ಅಂಗೈ ಬೆವೆತಿತ್ತು. ಅವಳದೂ. ರಸ್ತೆಯ ಆ ಬದಿಯಲ್ಲಿ ಬೂದು ಬಣ್ಣದ ಕಾರೊಂದು ನಿಂತಿತ್ತು. ಅದೇ ಕಾರೋ, ಬೇರೆಯದೋ, ಇಬ್ಬರೂ ಕೇಳಲಿಲ್ಲ. ಕೈ ಬಿಡದೆ ಅದರ ಮುಂದೆಯೇ ನಡೆದುಹೋದರು.

ಕಳೆದುಹೋದದ್ದು ಇಷ್ಟು: ಅವನ ಹದಿನಾಲ್ಕು ವರ್ಷದ ನೌಕರಿ. ಅಪ್ಪನ ಎರಡು ಕೋಣೆಯ ಮನೆ. ಅವಳ ಐದು ವಾರದ ಪಾಠ. ಅಂಗಡಿಯಮ್ಮನ ಒಂದು ಕಣ್ಣು. ಆ ಮನುಷ್ಯನ ಎಂಟು ವರ್ಷ, ಆರು ತಿಂಗಳು, ಹನ್ನೊಂದು ದಿನ.